ಕಡಲಂಗಳದಲ್ಲಿ ಕೆಂಪವ್ವ ಅಕ್ಕೋರು

ರಾಮದುರ್ಗ
೬ ಅಕ್ಟೋಬರ್ ೨೦೨೪

ನೀಲಪ್ಪ ಮಾವನವರಿಗೆ ನಿಮ್ಮ ತಂಗಿಯ ಗಂಡ ಸದಾಶಿವ ಮಾಡುವ ಜೈಭೀಮ್.

ನಿಮಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲವೆಂದು ಪತ್ರ ಬರೆಯುತ್ತಿದ್ದೇನೆ. ಇಡೀ ಆಯುಷ್ಯ ಹಿಟ್ಟಿನ ಗಿರಣಿ ನಡೆಸಿದವರ ಕಿವಿ ಉಳಿಯುವುದಾದರೂ ಹೇಗೆ? ವಿಡಿಯೋದಲ್ಲಿ ನೀವು ತಂಗಿಯ ಮುಖ ನೋಡಿ ನಗುತ್ತೀರಿ, ಕೈ ಬೀಸುತ್ತೀರಿ. ನಾನು ಹೇಳಬೇಕಾದ್ದು ಹಾಗೇ ಉಳಿಯುತ್ತದೆ.

ಹೋದ ಮಂಗಳವಾರ ಕೆಂಪವ್ವ ಮತ್ತೆ ಮನೆ ಬಿಟ್ಟು ಹೋಗಿದ್ದಳು. ನಾನು ಮನೆಯಲ್ಲೇ ಇದ್ದೆ. ಮೋಟಾರು ವೈಂಡಿಂಗ್ ಅಂಗಡಿ ಮುಚ್ಚಿದ ಮೇಲೆ ನಾನು ಎಲ್ಲಿಗೂ ಹೋಗುವುದಿಲ್ಲ. ಚಹಾ ಸೋಸಿಕೊಂಡು ಹೊರಗೆ ಬರುವಷ್ಟರಲ್ಲಿ ಆಕೆಯ ಕುರ್ಚಿ ಖಾಲಿ. ಮಲಪ್ರಭೆಯ ಸೇತುವೆಯ ಹತ್ತಿರ ಕಾಯಿಪಲ್ಲೆ ಮಾರುವ ಶಟ್ಟೆವ್ವ ಆಕೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು.

“ಎಲ್ಲಿಗಿ ಹೊಂಟೀರಿ ಅಕ್ಕೋರ ಅಂತ ಕೇಳಿದ್ನಿರಿ. ಸಾಲಿಗಿ ಅಂದ್ರು. ಇವತ್ತ ಸೂಟಿ ಐತ್ರಿ ಅಂತ ಸುಳ್ಳ ಹೇಳಿ ಕುಂದ್ರಿಸೇನಿ,” ಅಂದಳು. ಆಕೆಯ ಮಗ ನಿಮ್ಮ ತಂಗಿಯ ಹತ್ತಿರ ಒಂದನೆಯ ಇಯತ್ತೆ ಕಲಿತವನಂತೆ. ಈ ಊರಿನಲ್ಲಿ ಅರ್ಧ ಮಂದಿ ಹಾಗೆಯೇ. ಅವರಿರುವುದರಿಂದ ಇಲ್ಲಿಯವರೆಗೆ ನಡೆದಿದೆ. ಆದರೆ ಆ ದಿನ ಶಟ್ಟೆವ್ವ ಸಂತೆಗೆ ಹೋಗಿದ್ದರೆ? ಸೇತುವೆಯ ಕೆಳಗೆ ಹೊಳೆ ತುಂಬಿತ್ತು.

ಧಾರವಾಡದ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಇದು ವಾಸಿಯಾಗುವ ಮರೆವಲ್ಲ, ಇನ್ನು ಇಳಿಯುವುದೇ ದಾರಿ, ಎಷ್ಟು ಬೇಗ ಎನ್ನುವುದು ಮಾತ್ರ ಗೊತ್ತಿಲ್ಲ ಅಂದರು.

ಬೈಲಹೊಂಗಲದಿಂದ ಮಗಳು ಪ್ರಣಿತಾ ಒಂದು ಜಾಗ ಹುಡುಕಿದ್ದಾಳೆ. ಕುಮಟಾದ ಆಚೆ, ಸಮುದ್ರದ ದಂಡೆಯ ಮೇಲೆ. ‘ಕಡಲಂಗಳ’ ಅಂತ ಹೆಸರು. ಸುತ್ತ ಎತ್ತರದ ಗೋಡೆ, ಒಂದೇ ಗೇಟು, ಕಾವಲುಗಾರರು, ಒಳಗೆ ಸಣ್ಣ ಸಣ್ಣ ಮನೆಗಳು. ವಯಸ್ಸಾದವರೇ ಹೆಚ್ಚು. ನರ್ಸುಗಳಿದ್ದಾರೆ. ಎರಡು ತಿಂಗಳು ಇದ್ದು ನೋಡಿ, ಒಗ್ಗಿದರೆ ಮನೆ ಹಿಡಿಯಬಹುದು. ಆಕೆಯ ಪೆನ್ಶನ್ ಇದೆ, ಅಂಗಡಿಯ ಜಾಗ ಇದೆ; ಆ ಚಿಂತೆ ನಿಮಗೆ ಬೇಡ. ಗೇಟು ಇದ್ದರೆ ಆಕೆ ಎಷ್ಟು ಬೇಕಾದರೂ ತಿರುಗಾಡಬಹುದು, ಹೊರಗೆ ಹೋಗಲಾರಳು. ನಾನೂ ಸ್ನಾನಕ್ಕೆ ಹೋಗುವಾಗ... ಇರಲಿ, ಅದನ್ನೆಲ್ಲ ಬರೆಯುವುದು ಬೇಡ.

ಆಕೆಗೆ ತವರಿನಲ್ಲಿ ಉಳಿದವರು ನೀವೊಬ್ಬರೇ. ನಿಮ್ಮ ಒಂದು ಮಾತು ಬೇಕು.

ಇಂತಿ ನಿಮ್ಮ
ಸದಾಶಿವ


ಸಂಪಗಾಂವ
೧೫ ಅಕ್ಟೋಬರ್ ೨೦೨೪

ಅಳಿಯಂದಿರಾದ ಸದಾಶಿವ ಅವರಿಗೆ ನೀಲಪ್ಪನ ಜೈಭೀಮ್.

ಪತ್ರ ಮುಟ್ಟಿತು. ಸೋಯಾಬೀನ್ ರಾಶಿ ನಡೆದಿತ್ತು, ಉತ್ತರ ತಡವಾಯಿತು. ಓದಿ ನಮ್ಮ ಮನೆಯಾಕೆ ಬಾಯವ್ವನಿಗೂ ಹೇಳಿದೆ. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಗ್ವಾಡಿ ಕಟ್ಟಿ ಇಡಾಕ ಅಕಿ ಏನ ಎಮ್ಮಿ ಐತೇನ್ರಿ?” ಅಂದಳು. ಅವಳ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ನನ್ನ ಮನಸ್ಸಿನಲ್ಲೂ ಅದೇ ಇದೆ.

ನಮ್ಮ ಊರಿಗೆ ಅಗಸಿ ಬಾಗಿಲು ಇತ್ತು. ನಮ್ಮ ಕೇರಿ ಆ ಅಗಸಿಯ ಹೊರಗಿತ್ತು. ಒಳಗೆ ಬರುವಾಗ ನಮ್ಮಪ್ಪ ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿಯುತ್ತಿದ್ದ. ಅಗಸಿಯ ಹೊರಗೆ ಹುಟ್ಟಿದ ಕೆಂಪಿ ಓದಿ, ಅಗಸಿಯ ಒಳಗಿನವರ ಮಕ್ಕಳಿಗೆ ಅಕ್ಷರ ಕಲಿಸಿದಳು. ಈಗ ಕಡೆಗಾಲಕ್ಕೆ ಆಕೆಯನ್ನು ಮತ್ತೊಂದು ಅಗಸಿಯ ಒಳಗೆ ಹಾಕಿ ಬಾಗಿಲು ಮುಚ್ಚುವುದೇ?

ಇಲ್ಲಿಗೆ ಕರೆದುಕೊಂಡು ಬನ್ನಿ. ನೀವೂ ಬನ್ನಿ. ಮನೆ ದೊಡ್ಡದಿದೆ. ಅವಳು ಆಡಿ ಬೆಳೆದ ಓಣಿ. ಎಲ್ಲಿಗೆ ಹೋದರೂ ಯಾರಾದರೂ ಕೈ ಹಿಡಿದು ತಂದು ಬಿಡುತ್ತಾರೆ. ನಾನು ಇರುವ ತನಕ ಆಕೆಯ ಜವಾಬ್ದಾರಿ ನನ್ನದು. ಈ ಮಾತು ಬಾಯುಪಚಾರಕ್ಕೆ ಬರೆದದ್ದಲ್ಲ.

ಆದರೂ ದಿನಾ ಬೆಳಗಾದರೆ ಅನುಭವಿಸುವವರು ನೀವು. ಹೋಗಿ ನೋಡಿ ಬನ್ನಿ. ನೋಡಿದ ಮೇಲೆ ನನ್ನ ಮಾತು ನೆನಪಿಡಿ.

ಒಂದು ಕೇಳುತ್ತೇನೆ. ಆಕೆ ನನ್ನ ಹೆಸರು ಎತ್ತುತ್ತಾಳೆಯೇ?

ಇಂತಿ
ನೀಲಪ್ಪ


ಕಡಲಂಗಳ
೧೪ ನವೆಂಬರ್ ೨೦೨೪

ಮಾವನವರಿಗೆ,

ಬಂದು ವಾರದ ಮೇಲಾಯಿತು. ಗೇಟಿನ ಹತ್ತಿರ ಕಾವಲುಗಾರ ಸೆಲ್ಯೂಟ್ ಹೊಡೆದ. ನಿಮ್ಮ ಅಗಸಿಯ ಮಾತು ನೆನಪಾಗಿ ನಗುವೂ ಬಂತು, ಮತ್ತೇನೋ ಬಂತು. ಕೆಂಪವ್ವಳ ಕೈಗೆ ಒಂದು ಪಟ್ಟಿ ಕಟ್ಟಿದ್ದಾರೆ. ಅದರ ಮೇಲೆ ಮನೆಯ ನಂಬರು, ನನ್ನ ಫೋನು ನಂಬರು ಇದೆ. ಆಕೆ ಅದನ್ನು ಬಳೆ ಎಂದುಕೊಂಡಿದ್ದಾಳೆ.

ಜಾಗ ಚೆನ್ನಾಗಿದೆ. ಸಾಲಾಗಿ ಬಿಳಿ ಮನೆಗಳು, ಎಲ್ಲಕ್ಕೂ ನೀಲಿ ಬಾಗಿಲು. ಕಸ ಇಲ್ಲ, ನಾಯಿ ಇಲ್ಲ, ದೂಳು ಇಲ್ಲ. ಊಟ ಮನೆಗೇ ಬರುತ್ತದೆ. ಮೀನಿನ ವಾಸನೆಗೆ ಮೊದಲೆರಡು ದಿನ ಆಕೆ ಮೂಗು ಮುಚ್ಚಿಕೊಂಡಳು. ಈಗ ಮರೆತಿದ್ದಾಳೆ.

ಸಮುದ್ರ ತೋರಿಸಿದೆ. ಆಕೆ ಸೆರಗು ಹೊದ್ದು ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿ, “ಇಷ್ಟ ನೀರ ಯಾಕ ಬಿಟ್ಟಾರ? ನವಿಲುತೀರ್ಥ ಡ್ಯಾಮಿನ ಗೇಟ ತಗದಾರೇನು? ಮುನವಳ್ಳಿ ಮಂದಿಗೆ ಹೇಳ್ಯಾರಿಲ್ಲೋ?” ಅಂದಳು. ಗಾಬರಿಯಾಗಿದ್ದಳು. “ಹೇಳ್ಯಾರ, ಎಲ್ಲಾರಿಗೂ ಹೇಳ್ಯಾರ,” ಅಂದೆ. ಆಗ ಸಮಾಧಾನವಾಯಿತು. ಜೀವನಪೂರ್ತಿ ಸಮುದ್ರ ನೋಡಬೇಕೆಂದು ಆಸೆಪಟ್ಟವಳು. ನಾವು ಪ್ರತಿ ಬೇಸಿಗೆಗೂ ಹೋಗೋಣ ಅನ್ನುತ್ತಿದ್ದೆವು. ಪ್ರತಿ ಬೇಸಿಗೆಯೂ ಪಂಪುಸೆಟ್ಟಿನ ಮೋಟಾರುಗಳು ಸುಟ್ಟು ಅಂಗಡಿಯ ತುಂಬ ಬರುತ್ತಿದ್ದವು.

ಪಕ್ಕದ ಮನೆಯವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಚಹಾಕ್ಕೆ ಕರೆದರು. ಯಾವ ಕಡೆಯವರು, ಅಡ್ಡಹೆಸರು ಏನು ಎಂದು ಕೇಳಿದರು. ಹೇಳಿದೆ. “ಓ,” ಅಂದರು. ಆಮೇಲೆ ಹವಾಮಾನದ ಬಗ್ಗೆ ಮಾತಾಡಿದೆವು.

ಮಾವ, ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಮೊದಲ ದಿನ ಮಧ್ಯಾಹ್ನ ಊಟವಾದ ಮೇಲೆ ನರ್ಸು ಆಕೆಯನ್ನು ತೋಟದಲ್ಲಿ ಅಡ್ಡಾಡಿಸಲು ಕರೆದುಕೊಂಡು ಹೋದಳು. ನಾನು ಮಂಚದ ಮೇಲೆ ಬಿದ್ದವನು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಹಾಗೆ ಮಲಗಿ ಎಷ್ಟು ಕಾಲವಾಗಿತ್ತೋ. ಎದ್ದಾಗ ಯಾವ ಊರು, ಯಾವ ಮನೆ, ಒಂದೂ ತಿಳಿಯಲಿಲ್ಲ. ಆಕೆಗೆ ದಿನವಿಡೀ ಹೀಗೇ ಇರಬಹುದು ಅನ್ನಿಸಿತು.

ನೀವು ಕೇಳಿದ್ದಿರಿ. ನಿಮ್ಮ ಹೆಸರು ಎತ್ತುತ್ತಾಳೆ. ಮೊನ್ನೆ ಕೂಡ.

ಇಂತಿ ನಿಮ್ಮ
ಸದಾಶಿವ


ಸಂಪಗಾಂವ
೨೨ ನವೆಂಬರ್ ೨೦೨೪

ಸದಾಶಿವ ಅವರಿಗೆ,

ನೀವು ಮಲಗಿದ್ದು ಓದಿ ಸಂತೋಷವಾಯಿತು. ಅದರಲ್ಲಿ ತಪ್ಪು ತಿಳಿಯುವುದೇನಿದೆ?

ಆಕೆ ನನ್ನ ಹೆಸರು ಏನೆಂದು ಎತ್ತಿದಳು? ಬರೆಯಲಿಲ್ಲವಲ್ಲ. ನೀಲ್ಯಾ ಅಂದಳೋ, ಅಣ್ಣಾ ಅಂದಳೋ?

ದಿನವಿಡೀ ಆಕೆಯ ಜೊತೆ ಮಾತಾಡುವವರು ಯಾರು?

ನೀಲಪ್ಪ


ಕಡಲಂಗಳ
೨ ಡಿಸೆಂಬರ್ ೨೦೨೪

ಮಾವನವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರ ಕೊಡಲಾರೆ. ಕಳೆದ ಪತ್ರದಲ್ಲಿ ನಿಮಗೆ ಸಂತೋಷವಾಗಲೆಂದು ಬರೆದೆ. ಆಕೆ ಈಗ ಯಾರ ಹೆಸರನ್ನೂ ಎತ್ತುವುದಿಲ್ಲ.

ಇಲ್ಲಿ ಆಕೆಯ ಜೊತೆ ಮಾತಾಡುವವರು ನಾನೊಬ್ಬನೇ. ನರ್ಸುಗಳು ಒಳ್ಳೆಯ ಹುಡುಗಿಯರು, ಆದರೆ ತಮ್ಮಲ್ಲಿ ಕೊಂಕಣಿ, ನಮ್ಮ ಜೊತೆ ಹಿಂದಿ. ಕೆಂಪವ್ವ ಅವರನ್ನು ಸಾಲಾಗಿ ನಿಲ್ಲಿಸಿ, “ಪಾಟಿ ತಗೀರಿ. ಮಾತ ಬ್ಯಾಡ,” ಅನ್ನುತ್ತಿದ್ದಳು. ಅವರು ಅರ್ಥವಾಗದೆ ನಗುತ್ತಿದ್ದರು. ತರಗತಿಯಲ್ಲಿ ಮಕ್ಕಳು ನಕ್ಕಾಗ ಬರುವಂತೆ ಆಕೆಗೆ ಸಿಟ್ಟು ಬರುತ್ತಿತ್ತು. ಈಗ ಅದನ್ನೂ ಬಿಟ್ಟಿದ್ದಾಳೆ.

ತೊಂದರೆ ಬೇರೆ ಕಡೆಯಿಂದ ಬಂತು. ಎಲ್ಲ ಮನೆಗೂ ನೀಲಿ ಬಾಗಿಲು ಎಂದು ಬರೆದಿದ್ದೆನಲ್ಲ. ಆಕೆ ಯಾವ ಬಾಗಿಲು ತೆರೆದಿದ್ದರೂ ಒಳಗೆ ಹೋಗುತ್ತಾಳೆ. ರಾಮದುರ್ಗದಲ್ಲೂ ಹೋಗುತ್ತಿದ್ದಳು. ಅಲ್ಲಿ ಯಾರ ಮನೆಗೆ ಹೋದರೂ, “ಬರ್ರಿ ಅಕ್ಕೋರ, ಕುಂದರ್ರಿ, ಚಾ ಕುಡೀರಿ,” ಅನ್ನುತ್ತಿದ್ದರು. ಮಗ್ಗದ ಮನೆಯವರು ಮಗ್ಗ ನಿಲ್ಲಿಸಿ ಆಕೆಯ ಜೊತೆ ಕೂರುತ್ತಿದ್ದರು. ಇಲ್ಲಿ ಆಕೆ ಬ್ಯಾಂಕ್ ಮ್ಯಾನೇಜರ ಮನೆಯೊಳಗೆ ಹೋಗಿ ಅವರ ಹಾಸಿಗೆಯ ಮೇಲೆ ಮಲಗಿದ್ದಾಳೆ. ಅವರ ಹೆಂಡತಿ ಚೀರಿಕೊಂಡರಂತೆ. ನಾನು ಓಡಿ ಹೋದಾಗ ಆಕೆ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಆ ತಾಯಿ ದೂರದಲ್ಲಿ ನಿಂತು ಆಗಲೇ ಚಾದರ ಎಳೆದು ನೆಲಕ್ಕೆ ಹಾಕಿದ್ದರು. ಆ ಚಾದರ ಯಾಕೆ ತೆಗೆದರು ಎಂದು ನಾನು ಯೋಚಿಸಲಿಲ್ಲ. ಯೋಚಿಸುವುದಕ್ಕೆ ಶಕ್ತಿ ಇಲ್ಲ.

ವಾಟ್ಸಾಪ್ ಗ್ರೂಪಿನಲ್ಲಿ ದೂರು ಬಂತು. ಇಲ್ಲಿನ ಮ್ಯಾನೇಜರ್ ಶೀತಲ್ ಎನ್ನುವ ಹೆಣ್ಣುಮಗಳು ನನ್ನನ್ನು ಕರೆದು ತುಂಬ ಮೃದುವಾಗಿ ಮಾತಾಡಿದಳು. ಇಂಥ ಸ್ಥಿತಿಯವರು ಮುಂದಿನ ಮನೆಗಳಲ್ಲಿ ಇರುವಂತಿಲ್ಲ, ಹಿಂದೆ ಆರೈಕೆ ಮನೆ ಇದೆ, ಅಲ್ಲಿ ಇರಿಸಬಹುದು ಅಂದಳು. “ನೀವು ಇಲ್ಲೇ ಇರಬೇಕೆಂದೇನೂ ಇಲ್ಲ ಸರ್. ನಿಮ್ಮ ಊರಿಗೆ ಹೋಗಿ ಆರಾಮವಾಗಿರಿ. ಎಲ್ಲ ನಾವು ನೋಡಿಕೊಳ್ಳುತ್ತೇವೆ.”

ಆರೈಕೆ ಮನೆ ತೋರಿಸಿದಳು. ಸ್ವಚ್ಛವಾಗಿದೆ. ಬಾಗಿಲಿಗೆ ನಂಬರು ಒತ್ತುವ ಬೀಗ. ಕಿಟಕಿಗಳು ಎತ್ತರದಲ್ಲಿವೆ, ಸಮುದ್ರ ಕಾಣುವುದಿಲ್ಲ, ಸಪ್ಪಳ ಕೇಳುತ್ತದೆ. ಹೆಂಗಸರು ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು. ಟಿವಿ ನಡೆದಿತ್ತು. ಯಾರೂ ನೋಡುತ್ತಿರಲಿಲ್ಲ.

ನಾನು ಕೂಡಲೇ ಬೇಡ ಅನ್ನಬೇಕಿತ್ತು. ಯೋಚಿಸಿ ಹೇಳುತ್ತೇನೆ ಅಂದೆ.

ಸದಾಶಿವ


ಬೈಲಹೊಂಗಲ
೧೧ ಡಿಸೆಂಬರ್ ೨೦೨೪

ನೀಲಪ್ಪ ಮಾಮಾಗೆ ಪ್ರಣಿತಾಳ ನಮಸ್ಕಾರಗಳು.

ನೀವು ಅಪ್ಪನಿಗೆ ಬರೆದ ಪತ್ರದ ಫೋಟೋ ಅಪ್ಪ ನನಗೆ ಕಳಿಸಿದರು. ಬೇರೆ ಏನೂ ಬರೆಯಲಿಲ್ಲ. “ಹೆಂಡತಿಯನ್ನು ಜೈಲಿಗೆ ಹಾಕಿ ನಿದ್ದೆ ಮಾಡುವ ಗಂಡಸು” ಎಂದು ಬರೆದಿದ್ದೀರಿ. ನೀವು ಹಿರಿಯರು, ನಿಮಗೆ ನಾನು ಹೇಳಬಾರದು. ಆದರೆ ಹೇಳದೆ ಇರಲಾರೆ.

ಹೋದ ಆಗಸ್ಟಿನಲ್ಲಿ ನಾನು ಹೇಳದೆ ಕೇಳದೆ ರಾಮದುರ್ಗಕ್ಕೆ ಹೋಗಿದ್ದೆ. ಅವ್ವನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದು ಒಳಗೆ ಹೋದೆ. ಅವ್ವ ಮಂಚದ ಮೇಲೆ ಕೂತಿದ್ದಳು. ಅವಳ ಕೈಯನ್ನು ಹಳೆಯ ಸೀರೆಯಿಂದ ಮಂಚದ ಕಾಲಿಗೆ ಕಟ್ಟಿತ್ತು. ಅಪ್ಪ ಬಚ್ಚಲಲ್ಲಿದ್ದರು, ನೀರಿನ ಸಪ್ಪಳ ಕೇಳುತ್ತಿತ್ತು. ಮೈ ಒರೆಸಿಕೊಳ್ಳುತ್ತ ಹೊರಗೆ ಬಂದವರು ನನ್ನನ್ನು ನೋಡಿ ಅಲ್ಲೇ ನೆಲದ ಮೇಲೆ ಕುಸಿದರು. “ಸ್ನಾನ ಮಾಡೂತನಕ ಅಷ್ಟ ಅವ್ವಿ, ಸ್ನಾನ ಮಾಡೂತನಕ ಅಷ್ಟ,” ಅನ್ನುತ್ತಲೇ ಇದ್ದರು. ಗಂಟು ಸಡಿಲವಾಗಿತ್ತು, ಕೈಗೆ ನೋವಾಗದ ಹಾಗೆ ಕೆಳಗೆ ಮೆತ್ತಗೆ ಟವೆಲ್ ಸುತ್ತಿದ್ದರು. ಆ ಟವೆಲ್ ನೋಡಿ ನನಗೆ ತಡೆಯಲಾಗಲಿಲ್ಲ.

ಆ ಜಾಗ ಹುಡುಕಿದವಳು ನಾನು. ಬೈಯುವುದಾದರೆ ನನ್ನನ್ನು ಬೈಯಿರಿ. ನನ್ನ ಮನೆಗೆ ಕರೆತರಬಹುದಿತ್ತು ಎನ್ನುತ್ತೀರಿ. ನಮ್ಮದು ಔಷಧಿ ಅಂಗಡಿಯ ಮೇಲಿನ ಮನೆ. ಮೆಟ್ಟಿಲಿಗೆ ಕಟಾಂಜನ ಇಲ್ಲ. ಕೆಳಗೆ ಇಳಿದರೆ ನೇರ ಸವದತ್ತಿ ರಸ್ತೆ. ಹೋದ ವರ್ಷ ಎಂಟು ದಿನ ಇಟ್ಟುಕೊಂಡಿದ್ದೆ. ಅವ್ವ ನನ್ನನ್ನು ಬೇರೆ ಯಾರದೋ ಮನೆಯಾಕೆ ಎಂದುಕೊಂಡು “ಬಾಯಾರ” ಅನ್ನುತ್ತಿದ್ದಳು. “ಬಾಯಾರ, ನಮ್ಮ ಪ್ರಣಿತಾನ ಸಾಲಿ ಬಿಡೂದು ಎಷ್ಟಕ್ಕರಿ?” ಎಂದು ನನ್ನನ್ನೇ ಕೇಳುತ್ತಿದ್ದಳು.

ಮಾಮಾ, ಒಮ್ಮೆ ಹೋಗಿ ನೋಡಿ ಬನ್ನಿ. ಆಮೇಲೆ ಏನು ಬೇಕಾದರೂ ಅನ್ನಿ.

ನಿಮ್ಮ
ಪ್ರಣಿತಾ


ಸಂಪಗಾಂವ
೨೯ ಡಿಸೆಂಬರ್ ೨೦೨೪

ಸದಾಶಿವ ಅವರಿಗೆ,

ಕಡಲಂಗಳದಿಂದ ಸುಖವಾಗಿ ಬಂದು ಮುಟ್ಟಿದೆ. ಹುಬ್ಬಳ್ಳಿಯಲ್ಲಿ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ನಿಮಗೆ ಹೇಳಬೇಕಾದ ಮಾತು ಹುಡುಕಿದೆ. ಎದುರಿಗೆ ಕೂತಾಗ ಹೇಳಲಾಗಲಿಲ್ಲ. ಕಿವಿ ಇಲ್ಲದವನು ಮಾತಾಡುವುದೂ ಕಡಿಮೆ ಮಾಡುತ್ತಾನೆ.

ಗೇಟಿನ ಹತ್ತಿರ ಆ ಕಾವಲುಗಾರ ಏನೇನೋ ಕೇಳಿದ. ನನಗೆ ಕೇಳಿಸಲಿಲ್ಲ. ನಾನು ಕೂಗಿ ಹೇಳಿದ್ದು ಅವನಿಗೆ ತಿಳಿಯಲಿಲ್ಲ. ನೀವು ಬರುವ ತನಕ ಹೊರಗೆ ಕಲ್ಲಿನ ಮೇಲೆ ಕೂತಿದ್ದೆ. ಅದಕ್ಕೆ ನನಗೆ ಬೇಸರವಿಲ್ಲ. ಹೊರಗೆ ಕೂತು ನಮಗೆ ರೂಢಿ ಇದೆ.

ಕೆಂಪಿ ನನ್ನನ್ನು ಗುರುತಿಸಲಿಲ್ಲ. ಅದು ನಿಮಗೆ ಗೊತ್ತಿತ್ತು, ಆದರೂ ನೀವು, “ನೋಡು, ಯಾರು ಬಂದಾರ, ನಿಮ್ಮಣ್ಣ ಬಂದಾನ,” ಎಂದು ಮತ್ತೆ ಮತ್ತೆ ಹೇಳುತ್ತಿದ್ದಿರಿ. ನಿಮ್ಮ ತುಟಿ ಅಲುಗುವುದನ್ನು ನೋಡಿ ತಿಳಿದುಕೊಂಡೆ. ನೀವು ಆಚೆ ಹೋದ ಮೇಲೆ ಆಕೆ ನನ್ನ ಕೈ ಎಳೆದು ಉಗುರು ನೋಡಿದಳು. ಏನೋ ಗದರಿದಳು. ಉಗುರು ಕತ್ತರಿಸಿಕೊಂಡು ಬಾ ಅಂದಿರಬೇಕು. ನಾನು ಆಯಿತು ಎಂದು ಗೋಣು ಹಾಕಿದೆ. ನನ್ನ ತಂಗಿ ನನ್ನ ಜೊತೆ ಆಡಿದ ಮಾತು ಅದೊಂದೇ. ಅದೂ ನನಗೆ ಕೇಳಿಸಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಿರಿ. “ಮಾವ, ನೋಡ್ಕೋರಿ,” ಎಂದು ಕೈಸನ್ನೆ ಮಾಡಿದಿರಿ. ನಾನು ಬಾಗಿಲ ಕಡೆ ಬೆನ್ನು ಹಾಕಿ ಕೂತಿದ್ದೆ. ಆಕೆ ನನ್ನ ಹಿಂದೆ ಮಂಚದ ಮೇಲೆ ಇದ್ದಳು. ನಾನು ಸಮುದ್ರ ನೋಡುತ್ತಿದ್ದೆ. ತಿರುಗಿದಾಗ ಮಂಚ ಖಾಲಿ. ಆಕೆ ಎದ್ದದ್ದು, ಚಿಲಕ ತೆಗೆದದ್ದು, ಬಾಗಿಲು ಕಿರುಗುಟ್ಟಿದ್ದು, ಯಾವುದೂ ನನಗೆ ತಿಳಿಯಲಿಲ್ಲ. ನಾನು ಓಡಿದೆ. ಆಕೆ ಗೇಟಿನ ಸರಳು ಹಿಡಿದು ಅಲುಗಿಸುತ್ತಿದ್ದಳು. ಕಾವಲುಗಾರ ಆಕೆಯ ತೋಳು ಹಿಡಿದಿದ್ದ. ಆಕೆಯ ಬಾಯಿ ದೊಡ್ಡದಾಗಿ ತೆರೆದಿತ್ತು. ಸದಾಶಿವ ಅವರೇ, ನನ್ನ ತಂಗಿ ಚೀರುತ್ತಿದ್ದಳು, ನಾನು ಪಕ್ಕದಲ್ಲೇ ನಿಂತಿದ್ದೆ, ನನಗೆ ಒಂದು ಸಪ್ಪಳವೂ ಇಲ್ಲ.

ನೀವು ತಲೆಯಲ್ಲಿ ಸೋಪಿನ ನೊರೆ ಇಟ್ಟುಕೊಂಡು, ಒದ್ದೆ ಲುಂಗಿಯಲ್ಲೇ ಓಡಿಬಂದಿರಿ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಕೆಯ ಜವಾಬ್ದಾರಿ ನನ್ನದು ಎಂದು ಬರೆದಿದ್ದೆ. ಬಾಯವ್ವನಿಗೆ ಮೊಣಕಾಲು ನೋವು, ಎದ್ದು ನಿಲ್ಲಲು ಇನ್ನೊಬ್ಬರು ಬೇಕು. ನಮ್ಮ ಮನೆಯ ಹಿತ್ತಲಲ್ಲಿ ಸೇದುವ ಬಾವಿ ಇದೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆಕೆಯನ್ನು ಇಲ್ಲಿಗೆ ತರಬೇಡಿ. ನೀವು ಏನು ನಿರ್ಧಾರ ಮಾಡಿದರೂ ನನ್ನದು ಬೇಡ ಎನ್ನುವ ಮಾತಿಲ್ಲ.

ಇದನ್ನು ಬರೆಯುವುದಕ್ಕೆ ಮೂರು ಕಾಗದ ಹರಿದು ಹಾಕಿದೆ.

ನೀಲಪ್ಪ


ರಾಮದುರ್ಗ
೧೯ ಜನವರಿ ೨೦೨೫

ಮಾವನವರಿಗೆ,

ನಾನು ಒಬ್ಬನೇ ವಾಪಸು ಬಂದೆ.

ಕೆಂಪವ್ವ ಆರೈಕೆ ಮನೆಯಲ್ಲಿದ್ದಾಳೆ. ನಾನು ಮುಂದಿನ ಸಾಲಿನಲ್ಲೇ ಒಂದು ಮನೆ ಹಿಡಿದು ಇರೋಣವೆಂದುಕೊಂಡಿದ್ದೆ. ಮೊದಲ ವಾರ ದಿನಾ ಹೋಗಿ ಕೂತೆ. ನಾನು ಏಳುವಾಗ ಆಕೆಯೂ ಎದ್ದು ನನ್ನ ಅಂಗಿ ಹಿಡಿಯುತ್ತಿದ್ದಳು. ಬಿಡಿಸಲು ಇಬ್ಬರು ಬೇಕಾಗುತ್ತಿದ್ದರು. ಶೀತಲ್ ಹೇಳಿದಳು: “ನೀವು ಬಂದರೆ ಅವರಿಗೆ ಹೆಚ್ಚು ಕಷ್ಟ ಸರ್. ಸ್ವಲ್ಪ ದಿನ ದೂರ ಇರಿ.” ನಾನು ಯಾರೆಂದು ತಿಳಿಯದಿದ್ದರೂ ಅಂಗಿ ಯಾಕೆ ಹಿಡಿಯುತ್ತಾಳೆ ಎಂದು ಕೇಳಿದೆ.

ಕೊನೆಯ ದಿನ ಮಾತ್ರ ಹಿಡಿಯಲಿಲ್ಲ. ಬೀಗದ ಬಾಗಿಲ ತನಕ ನನ್ನ ಜೊತೆ ಬಂದಳು. ನಾನು ಅಳುತ್ತಿದ್ದೆ. ಸೆರಗು ಸರಿಮಾಡಿಕೊಂಡು, ಕನ್ನಡ ಸಾಲಿಯಲ್ಲಿ ಜೂನ್ ತಿಂಗಳು ಮಾತಾಡುತ್ತಿದ್ದ ದನಿಯಲ್ಲೇ ನನಗೆ ಹೇಳಿದಳು: “ನೀವು ಹೋಗ್ರಿ. ಅವ್ವ-ಅಪ್ಪ ಇಲ್ಲೇ ನಿಂತ್ರ ಕೂಸುಗೋಳು ಅಳತಾವು. ನಾಕ ದಿನಾ ಅತ್ತು ರೂಢಿ ಆಕ್ಕಾವು. ನಾವು ನೋಡ್ಕೋತೀವಿ, ಹೋಗ್ರಿ.”

ಆ ಮಾತು ಕೇಳಿ ನಾನು ಹೊರಟುಬಂದೆ.

ಇಲ್ಲಿ ಎಲ್ಲರೂ ಕೇಳುತ್ತಾರೆ. ಸಮುದ್ರದ ಹವಾ ಒಳ್ಳೆಯದು, ಅಲ್ಲಿ ಆರಾಮಿದ್ದಾಳೆ ಅನ್ನುತ್ತೇನೆ. ಶಟ್ಟೆವ್ವ ನನಗೆ ಕಾಯಿಪಲ್ಲೆ ತೂಗಿ ಕೊಟ್ಟಳು, ಮುಖ ನೋಡಲಿಲ್ಲ. “ನಾವು ಇದ್ದೆವಲ್ರಿ ಸರ,” ಅಂದಳು, ಅಷ್ಟೇ.

ಮಧ್ಯಾಹ್ನ ಎಷ್ಟು ಹೊತ್ತು ಬೇಕಾದರೂ ಮಲಗಬಹುದು. ನಿದ್ದೆ ಬರುವುದಿಲ್ಲ.

ಸದಾಶಿವ


ಸಂಪಗಾಂವ
೨ ಫೆಬ್ರವರಿ ೨೦೨೫

ಸದಾಶಿವ ಅವರಿಗೆ,

ಒಬ್ಬರೇ ಇರಬೇಡಿ. ನೀವಾದರೂ ಇಲ್ಲಿಗೆ ಬನ್ನಿ. ನಿಮ್ಮನ್ನು ನೋಡಿಕೊಳ್ಳುವಷ್ಟು ಶಕ್ತಿ ನಮಗಿದೆ.

ನೀಲಪ್ಪ


ಬೈಲಹೊಂಗಲ, ಪ್ರಣಿತಾಳ ಮನೆಯಿಂದ
೩೦ ಮಾರ್ಚ್ ೨೦೨೫

ಮಾವನವರಿಗೆ,

ನಾನು, ಪ್ರಣಿತಾ ಕೂಡಿ ಕಡಲಂಗಳಕ್ಕೆ ಹೋಗಿ ನಿನ್ನೆ ಬಂದೆವು. ನಿಮಗೆ ಮೊದಲು ಬರೆಯಬೇಕೆನ್ನಿಸಿತು.

ಆಕೆಯ ಕೂದಲು ಕತ್ತರಿಸಿದ್ದಾರೆ. ತಲೆ ಬಾಚಲು, ಸ್ನಾನ ಮಾಡಿಸಲು ಸುಲಭವಾಗಲೆಂದು. ಸೀರೆಯ ಬದಲು ನೈಟಿ. ಮೊಣಕಾಲ ತನಕ ಬರುತ್ತಿದ್ದ ಜಡೆ ನಿಮಗೆ ನೆನಪಿರಬೇಕು. ಪ್ರಣಿತಾ ಬಾಗಿಲಲ್ಲೇ ನಿಂತುಬಿಟ್ಟಳು. ಸಾಲಾಗಿ ಕೂತ ಹೆಂಗಸರಲ್ಲಿ ತನ್ನ ಅವ್ವ ಯಾರೆಂದು ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ ಎಂದು ಅವಳಿಗೆ ನಾನು ಹೇಳಲಿಲ್ಲ.

ಯಾರೂ ಕೆಟ್ಟದ್ದು ಮಾಡಿಲ್ಲ ಮಾವ. ಮೈಮೇಲೆ ಒಂದು ಗೀರೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ. ಗಂಜಿ ಬಾಯಿಗೆ ಇಟ್ಟರೆ ನುಂಗುತ್ತಾಳೆ. ನಾನು ಎದುರಿಗೆ ಕೂತು ರಾಮದುರ್ಗದ ಸುದ್ದಿ ಹೇಳಿದೆ, ನಿಮ್ಮ ಸುದ್ದಿ ಹೇಳಿದೆ. ಕಣ್ಣು ನನ್ನ ಮೇಲೆ ಇತ್ತು, ಅಷ್ಟೇ. ನಾನು ಏಳುವಾಗ ಬೇಕೆಂದೇ ಅಂಗಿಯ ಚುಂಗನ್ನು ಆಕೆಯ ಕೈಯ ಹತ್ತಿರ ತಂದೆ. ಹಿಡಿಯಲಿಲ್ಲ.

ನರ್ಸು ಹುಡುಗಿ ತನ್ನ ಹಿಂದಿಯಲ್ಲಿ ಖುಷಿಯಿಂದ ಹೇಳಿದಳು: “ಈಗ ತುಂಬ ಶಾಂತವಾಗಿದ್ದಾರೆ ಅಂಕಲ್. ಬಾಗಿಲು ತೆರೆದಿಟ್ಟರೂ ಏಳುವುದಿಲ್ಲ.” ತೋರಿಸಲೆಂದು ನಂಬರು ಒತ್ತಿ ಬಾಗಿಲನ್ನು ಪೂರ್ತಿ ತೆರೆದಳು. ಹೊರಗೆ ಬಿಸಿಲು ಬಿದ್ದಿತ್ತು. ಗಾಳಿ ಒಳಗೆ ಬಂತು. ನಿಮ್ಮ ತಂಗಿ ಆ ಕಡೆ ನೋಡಲೂ ಇಲ್ಲ.

ಶೀತಲ್ ಕೇಳಿದಳು, ಎರಡು ತಿಂಗಳೆಂದು ಬಂದದ್ದು ಬಹಳವಾಯಿತು, ಇನ್ನು ಕಾಯಂ ಮಾಡೋಣವೇ ಎಂದು. ಪ್ರಣಿತಾ ನನ್ನ ಮುಖ ನೋಡಿದಳು. ಬೇಡ, ಕರೆದುಕೊಂಡು ಹೋಗುತ್ತೇನೆ ಅಂದೆ. ಈಗ ಆಕೆಯನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದು. ನಾನೂ ನೋಡಿಕೊಳ್ಳಬಹುದು. ಬರುವ ವಾರ ಗಾಡಿ ಮಾಡಿಕೊಂಡು ಹೋಗುತ್ತೇವೆ. ನೀವು ರಾಮದುರ್ಗಕ್ಕೆ ಬಂದರೆ ನನಗೆ ಧೈರ್ಯ.

ಸದಾಶಿವ


ರಾಮದುರ್ಗ
೧೭ ಜೂನ್ ೨೦೨೫

ಮಾವನವರಿಗೆ,

ನೀವು ಹೋದ ಮೇಲೆ ಮನೆ ಮತ್ತೆ ಸುಮ್ಮನಾಗಿದೆ. ನೀವು ಇದ್ದಾಗಲೂ ಮಾತೇನೂ ಇರಲಿಲ್ಲ, ಆದರೂ ಒಬ್ಬರು ಉಸಿರಾಡುತ್ತಿದ್ದರು.

ಮಂದಿ ಬರುವುದು ಕಡಿಮೆಯಾಗಿದೆ. ಮೊದಲ ದಿನ ಓಣಿಗೆ ಓಣಿಯೇ ಬಂದದ್ದನ್ನು ನೀವು ನೋಡಿದಿರಿ. “ಅಕ್ಕೋರ, ನಾನರಿ, ನಿಮ್ಮ ಕೈಯಾಗ ಕಲ್ತ ಕಲ್ಮೇಶ,” ಎಂದು ಆ ದೊಡ್ಡ ಆಳು ಮಂಚದ ಹತ್ತಿರ ಮಂಡಿಯೂರಿ ಕೂತದ್ದು ನಿಮ್ಮ ಎದುರಿಗೇ. ಈಗ ಬಂದರೂ ಹೊಸ್ತಿಲಲ್ಲಿ ನಿಂತು, “ಅಕ್ಕೋರು ಹ್ಯಾಂಗದಾರ್ರಿ?” ಎಂದು ನನ್ನನ್ನು ಕೇಳಿ ಹೋಗುತ್ತಾರೆ. ಆಕೆಯನ್ನು ಯಾರೂ ಏನೂ ಕೇಳುವುದಿಲ್ಲ.

ಪ್ರಣಿತಾ ರವಿವಾರ ಬಂದು ಆಕೆಯ ತಲೆಗೆ ಎಣ್ಣೆ ಹಚ್ಚುತ್ತಾಳೆ. ಕೂದಲು ಬೆರಳಿನಷ್ಟು ಬೆಳೆದಿದೆ.

ನಾನು ನಿಧಾನವಾಗಿ ಸ್ನಾನ ಮಾಡುತ್ತೇನೆ. ಅವಸರವಿಲ್ಲ. ಹೊರಗೆ ಬಂದರೆ ಕೂರಿಸಿದಲ್ಲೇ ಇರುತ್ತಾಳೆ. ಮುಂಬಾಗಿಲನ್ನು ನಾನು ಹಾಕುವುದಿಲ್ಲ. ಬಿಸಿಲೇರುವ ತನಕ ಎರಡೂ ಕದ ತೆರೆದಿಟ್ಟು, ಆಕೆಯ ಕುರ್ಚಿಯನ್ನು ಬೀದಿ ಕಾಣುವ ಹಾಗೆ ತಿರುಗಿಸಿ, ನಾನು ಒಳಗೆ ಮರೆಯಲ್ಲಿ ಕೂರುತ್ತೇನೆ. ಸಾಲಿ ಮಕ್ಕಳು ಹೋಗುತ್ತವೆ, ಬಸ್ಸು ಹೋಗುತ್ತದೆ. ಚಪ್ಪಲಿಯನ್ನು ಆಕೆಯ ಕಾಲಿನ ಹತ್ತಿರವೇ ಇಟ್ಟಿರುತ್ತೇನೆ. ಒಂದು ಸಲ, ಒಂದೇ ಸಲ ಎದ್ದು ಹೊರಟರೆ ಸಾಕು ಮಾವ. ನಾನು ತಡೆಯುವುದಿಲ್ಲ. ಸೇತುವೆಯ ತನಕ ಹೋಗಲಿ, ಸವದತ್ತಿಯ ತನಕ ಹೋಗಲಿ, ಹಿಂದೆ ಹಿಂದೆ ನಡೆದು ಹೋಗುತ್ತೇನೆ.

ಇವತ್ತೂ ಏಳಲಿಲ್ಲ.

ಇಂತಿ ನಿಮ್ಮ
ಸದಾಶಿವ